ಹೂಂಗುಟ್ಟುವ ಪೆನ್ನು

ಜೂನ್ ೧೭, ಮಂಗಳವಾರ. ನೇಸರಗಿ

ಮಾತಾಡುವ ಹಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಊರಿಗೆ ಊರೇ ಎದುರು ಕುಳಿತರೂ ಅಂಜದ ನಾನು ಈ ಬಿಳಿ ಹಾಳೆಯ ಮುಂದೆ ಹೊಸ ಅಳಿಯನ ಹಾಗೆ ಕುಳಿತಿದ್ದೇನೆ.

ಹೋದ ವಾರ ಬೆಳಗಾವಿಯಲ್ಲಿ ಗಂಟಲೊಳಗಿನ ಗಂಟು ತೆಗೆದರು. ಪರೀಕ್ಷೆಗೆ ಕಳಿಸಿದ್ದರು. ಕೆಟ್ಟದ್ದಲ್ಲ ಎಂದು ನಿನ್ನೆ ಫೋನು ಬಂತು. ಹೆಂಡತಿ ಇಂದ್ರವ್ವ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ನನ್ನ ತಲೆಯಲ್ಲಿ ಮಾತ್ರ ಡಾಕ್ಟರ ಇನ್ನೊಂದು ಮಾತೇ ಸುತ್ತುತ್ತಿದೆ. ಮುಂದಿನ ತಪಾಸಣೆಯವರೆಗೆ ಒಂದು ಸಣ್ಣ ದನಿಯೂ ಹೊರಡಬಾರದು, ಪಿಸುಮಾತೂ ಬೇಡ, ಗಾಯ ಮಾಯುವಾಗ ದನಿಯ ತಂತಿ ಮಿಸುಕಿದರೆ ಇರುವ ದನಿಯೂ ಹೋಗುತ್ತದೆ ಎಂದಿದ್ದಾರೆ.

ಇರುವ ದನಿ! ಬೈಲಹೊಂಗಲದಿಂದ ಸವದತ್ತಿಯವರೆಗೆ ನಾನು ಕುಳಿತು ಕಥೆ ಹೇಳದ ಗುಡಿಯ ಕಟ್ಟೆ ಇಲ್ಲ. ಎರಡೆಕರೆ ಹೊಲ ಹೊಟ್ಟೆಗೆ ಇದೆ ನಿಜ, ಆದರೆ ಹೊಲದ ಮುದಕಪ್ಪ ಎಂದರೆ ಯಾರಿಗೂ ಗೊತ್ತಾಗದು, ಕತಿ ಮುದಕಪ್ಪ ಎನ್ನಬೇಕು. ಶ್ರಾವಣದ ಮೊದಲ ಸೋಮವಾರ ಹೂಲಿಯಲ್ಲಿ ಕಥೆ ಶುರು. ಪ್ರತಿ ವರ್ಷವೂ ನನ್ನದೇ. ಅಷ್ಟರೊಳಗೆ ದನಿ ಬರಲೇಬೇಕು.

ಇಂದ್ರವ್ವನ ಜೊತೆ ಚೀಟಿ ಬರೆದು ಮಾತಾಡುತ್ತೇನೆ. ಅವಳು ಕಲಿತದ್ದು ನಾಲ್ಕನೆಯ ಇಯತ್ತೆ. ದುಂಡಗೆ ಬರೆದರೆ ಓದುತ್ತಾಳೆ. ನಾನು ಬರೆಯುವುದು ಬಾಲ್ ಪೆನ್ನಿನಲ್ಲಿ, ಮಾತಾಡುವ ವೇಗದಲ್ಲಿ. ಇಂದು ‘ಗಂಜಿ ಸುಡುತ್ತಿದೆ, ಆರಿಸಿ ಕೊಡು’ ಎಂದು ಬರೆದು ಕೊಟ್ಟೆ. ಚೀಟಿಯನ್ನು ದೂರ ಹಿಡಿದಳು, ಹತ್ತಿರ ಹಿಡಿದಳು, ತಲೆಕೆಳಗು ಮಾಡಿ ನೋಡಿದಳು.

"ಇದೇನ್ರಿ, ಹಾಳಿ ಮ್ಯಾಲ ಇರಿವಿ ಬಿಟ್ಟೀರೇನು?"

ಅಷ್ಟರಲ್ಲಿ ಹಸಿವು ತಡೆಯದೆ ಕುಡಿದು ನಾಲಿಗೆಯನ್ನೂ ಸುಟ್ಟುಕೊಂಡಿದ್ದೆ.

ಜೂನ್ ೧೯, ಗುರುವಾರ

ಬಾಲ್ ಪೆನ್ನು ತೀರಿತು ಎಂದು ಬೈಲಹೊಂಗಲಕ್ಕೆ ಹೋಗಿದ್ದೆ. ಬಸ್ಸಿನಲ್ಲಿ ಎಲ್ಲರೂ ನನ್ನ ಕಿವಿಗೆ ಬಾಯಿಟ್ಟು ಕೂಗುತ್ತಾರೆ. ಬಾಯಿ ಬಂದ್ ಆದವನ ಕಿವಿಯೂ ಬಂದ್ ಆಗಿರುತ್ತದೆ ಎಂದು ಮಂದಿಗೆ ಯಾರು ಹೇಳಿಕೊಟ್ಟರೋ.

ಸ್ಟ್ಯಾಂಡಿನ ಹತ್ತಿರ ಭಾರ್ಗವನ ಅಂಗಡಿ. ಅವನ ಅಜ್ಜ ಸವದತ್ತಿಯಲ್ಲಿ ಜಾತಕ ಬರೆಯುತ್ತಿದ್ದರಂತೆ, ಮೊಮ್ಮಗ ಕಂಪಾಸು ಪೆಟ್ಟಿಗೆ, ನೋಟಬುಕ್ಕು ಮಾರುತ್ತಾನೆ. ನಾನು ಬರೆದ ಚೀಟಿಯನ್ನು ನೋಡಿ ಅವನೂ ಒಂದು ಹಾಳೆ ತೆಗೆದು ಉತ್ತರ ಬರೆಯತೊಡಗಿದ. ನನಗೆ ನಗು ಬಂತು. ನಗುವ ಹಾಗೂ ಇಲ್ಲ. ‘ನನ್ನ ಕಿವಿ ಚೆನ್ನಾಗಿವೆ’ ಎಂದು ಬರೆದೆ.

"ಅಯ್ಯ, ಹೌದಲ್ಲಾ! ಮರ್ತ ಬಿಟ್ಟೆ ನೋಡ್ರಿ." ಚೀಟಿಯನ್ನು ಮತ್ತೊಮ್ಮೆ ನೋಡಿದ. "ಮುದಕಪ್ಪಣ್ಣಾರ, ಸಿಟ್ಟಿಗೇಳಬ್ಯಾಡ್ರಿ. ನಿಮ್ಮ ಕೈಯಾಗ ಬಾಲ್ ಪೆನ್ನು ಅಂದ್ರ ಕುಡಗೋಲು ಇದ್ದಂಗ ಅದ. ಅಕ್ಷರ ಎಲ್ಲಾ ಕೊಯ್ದು ಒಗದೀರಿ."

ಗಲ್ಲಾದ ಕೆಳಗಿನಿಂದ ಒಂದು ಡಬ್ಬಿ ತೆಗೆದ. ಒಳಗೆ ಹತ್ತಿ ಹಾಸಿ ಮಲಗಿಸಿದ ಶಾಯಿ ಪೆನ್ನುಗಳು. ಮಾರುವುದಕ್ಕಲ್ಲ, ಅವನ ಸ್ವಂತದ ಹುಚ್ಚು. ಹಸಿರು ಮೈಯ ಒಂದನ್ನು ನನ್ನ ಕೈಗೆ ಕೊಟ್ಟ. ಬರೆಯಲು ಹೋದರೆ ಕರ್ ಕರ್ ಎಂದು ಹಾಳೆ ಕೆರೆಯಿತು.

"ಬೋರಲು ಹಿಡದೀರಿ! ನಿಬ್ಬಿನ ಬೆನ್ನು ಮ್ಯಾಲಿರಬೇಕು. ಹಾಂ. ಇನ್ನ ಒತ್ತಬ್ಯಾಡ್ರಿ. ಶಾಯಿ ತಾನ ಇಳೀತದ, ನೀವು ಬರೇ ಕರಕೊಂಡು ಹೋಗ್ರಿ."

ಕರೆದುಕೊಂಡು ಹೋದೆ. ‘ಮುದಕಪ್ಪ’ ಎಂದು ಬರೆದೆ. ಅಕ್ಷರಗಳು ಒಂದು ಗಳಿಗೆ ಹಸಿಯಾಗಿ ಮಿಂಚಿದವು. ಆಮೇಲೆ ಅಂಚಿನಿಂದ ಒಳಕ್ಕೆ ಒಣಗುತ್ತ ಬಂದವು. ಮತ್ತೆ ಬರೆದೆ, ಮತ್ತೆ ಒಣಗುವುದನ್ನು ನೋಡಿದೆ. ಎರಡು ಬಸ್ಸು ತಪ್ಪಿದವು.

ಪೆನ್ನನ್ನು ಕೊಟ್ಟೇ ಬಿಟ್ಟ. ನಾನು ಬೇಡವೆಂದು ಕೈಯಾಡಿಸಿದರೆ, "ದನಿ ಬಂದ ಮ್ಯಾಲ ನಮ್ಮ ಅಂಗಡಿ ಮುಂದ ಒಂದು ಕತಿ ಹೇಳ್ರಿ, ಆತು" ಎಂದ.

ಜೂನ್ ೨೦, ಶುಕ್ರವಾರ

ಹೆಬ್ಬೆರಳು, ತೋರುಬೆರಳು, ಧೋತರ, ಗೋಡೆ, ಬೆಕ್ಕಿನ ಬಾಲ. ಎಲ್ಲ ನೀಲಿ. ಶಾಯಿಯನ್ನು ಕತ್ತಿನವರೆಗೆ ತುಂಬಬಾರದಂತೆ. ಮೊದಲೇ ಹೇಳಬಾರದೇ!

ಕಿರಾಣಿ ಅಂಗಡಿಯ ಹಾಳೆಯಲ್ಲಿ ಬರೆದರೆ ಅಕ್ಷರಗಳು ಬೇರು ಬಿಡುತ್ತವೆ. ಈ ನೋಟಬುಕ್ಕಿನಲ್ಲಿ ಬಿಡುವುದಿಲ್ಲ. ಅವಸರ ಮಾಡಿದರೆ ಗೆರೆ ಹರಿಯುತ್ತದೆ. ಹೀಗಾಗಿ ಮೆಲ್ಲಗೆ ಬರೆಯಬೇಕಾಗಿದೆ. ಮೆಲ್ಲಗೆ ಬರೆಯುವುದೆಂದರೆ ನನಗೆ ಒಂಟಿಗಾಲಲ್ಲಿ ನಿಂತ ಹಾಗೆ.

‘ಗಂಜಿ ಆರಲಿ’ ಎಂದು ಬರೆದು ಕೊಟ್ಟೆ. ಇಂದ್ರವ್ವ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದಳು.

"ಬಾಳ ದಿವಸಕ್ಕ ತಿಳಿಯುವಂಗ ಮಾತಾಡಿದ್ರಿ ನೋಡ್ರಿ" ಎಂದಳು.

ಜೂನ್ ೨೩, ಸೋಮವಾರ

ಹೂಲಿಯಿಂದ ಸೋಮಪ್ಪ ಬಂದಿದ್ದ. ಗುಡಿಯ ಪಂಚರಲ್ಲಿ ಹಿರಿಯ. ಪ್ರತಿ ಶ್ರಾವಣ ನನ್ನನ್ನು ಕರೆಯಲು ಬರುವವನು ಅವನೇ. ಚಹಾ ಕುಡಿದ, ಮಳೆಯ ಸುದ್ದಿ ಮಾತಾಡಿದ, ಎಮ್ಮೆಯ ಸುದ್ದಿ ಮಾತಾಡಿದ. ಬಂದ ಸುದ್ದಿ ಇನ್ನೂ ಹೊಟ್ಟೆಯಲ್ಲೇ ಇದೆ ಎಂದು ನನಗೆ ಗೊತ್ತಾಯಿತು.

"ಮುದಕಪ್ಪಾ, ನಿನ್ನ ಕಟ್ಟಿ ಮ್ಯಾಲ ಮತ್ತೊಬ್ಬನ ಕೂಡ್ರಸಾಕ ನನಗರ ಮನಸೈತೇನು? ಖರೆ, ಮಂದಿ ಕೇಳಾಕತ್ತಾರ. ರಾಮದುರ್ಗದ ಕಡೆ ಕಾಡಪ್ಪ ಅಂತ ಒಬ್ಬ ಅದಾನಲ್ಲ, ಹುಡುಗ, ಹಾರ್ಮೋನಿಯಂ ಪೇಟಿ ಬಾರಸ್ಕೋತ ಹೇಳತಾನ. ಅವನ ಕಿವಿಗೆ ಒಂದು ಮಾತು ಹಾಕಿ ಇಡೂಣೇನು?"

ಕಾಡಪ್ಪ! ಯಾವಾಗಲೋ ಮುನವಳ್ಳಿಯಲ್ಲಿ ನನ್ನ ಹಿಂದೆ ಕುಳಿತು ಕಥೆ ಕೇಳಿದವನು. ಪೆನ್ನು ತೆಗೆದು ‘ಬೇಡ. ನಾನೇ ಬರುತ್ತೇನೆ’ ಎಂದು ಬರೆದೆ. ಬಾಯಿದ್ದರೆ ‘ನಾನೇ’ ಎಂಬಲ್ಲಿ ದನಿ ಏರುತ್ತಿತ್ತು. ದನಿ ಇಲ್ಲದ್ದಕ್ಕೆ ಕೈ ಏರಿತು. ಕಟ್ ಎಂದಿತು. ನಿಬ್ಬಿನ ಎರಡೂ ಕಾಲು ಅಗಲವಾಗಿ, ಶಾಯಿ ಚಿಮ್ಮಿ ಸೋಮಪ್ಪನ ಬಿಳಿ ಅಂಗಿಯ ಮೇಲೆ ಬಿತ್ತು.

ಸೋಮಪ್ಪ ಅಂಗಿ ನೋಡಿಕೊಂಡ, ನನ್ನನ್ನು ನೋಡಿದ. "ಬಾಯಿ ಕಟ್ಟಿದ್ರೂ ಉಗಳೂದು ಬಿಡಲಿಲ್ಲಲ್ಲೋ" ಎಂದ.

ನಕ್ಕ. ಆದರೆ ಎದ್ದು ಹೋಗುವಾಗ ನಗು ಇರಲಿಲ್ಲ. "ಡಾಕ್ಟರ್ ಏನಂತಾರ ನೋಡಿ ಲಗೂನ ಹೇಳು. ಶ್ರಾವಣ ಯಾರ ಸಲುವಾಗೂ ನಿಂದ್ರೂದಿಲ್ಲ."

ಜೂನ್ ೨೫, ಮಣ್ಣೆತ್ತಿನ ಅಮಾವಾಸ್ಯೆ

ನಿನ್ನೆ ಭಾರ್ಗವನ ಹತ್ತಿರ ಹೋಗಿ ಹೊಸ ನಿಬ್ಬು ಹಾಕಿಸಿಕೊಂಡು ಬಂದೆ. ಹಳೆಯದನ್ನು ಬೆಳಕಿಗೆ ಹಿಡಿದು ನೋಡಿ, "ಇದು ಬರದದ್ದಲ್ಲ, ಬೈದದ್ದು" ಎಂದ. "ಸಿಟ್ಟು ಬಂದಾಗ ಟೊಪ್ಪಿಗಿ ಹಾಕಿ ಇಟ್ಟ ಬಿಡ್ರಿ. ಟೊಪ್ಪಿಗಿ ಅಂದ್ರ ಪೆನ್ನಿಂದು ಮತ್ತ."

ಪೆನ್ನು ತೊಳೆಯುವುದನ್ನೂ ತೋರಿಸಿದ. ಸಾಬೂನು ಬೇಡ, ಬಿಸಿನೀರು ಬೇಡ, ಬರೀ ತಣ್ಣೀರು. ಬಟ್ಟಲಿನ ನೀರಿನಲ್ಲಿ ನಿಬ್ಬು ಅದ್ದಿದರೆ ನೀಲಿ ಎಳೆ ಎಳೆಯಾಗಿ ಬಿಟ್ಟುಕೊಳ್ಳುತ್ತದೆ. ಇಂದು ತೊಳೆದ ನೀರನ್ನು ಚೆಲ್ಲಲು ಮನಸ್ಸಾಗದೆ ಇಂದ್ರವ್ವ ಮಾಡಿಟ್ಟ ಮಣ್ಣೆತ್ತುಗಳ ಕೋಡಿಗೆ ಹಚ್ಚಿದೆ.

"ಎತ್ತು ಪರೀಕ್ಷಾ ಬರದು ಬಂದಂಗ ಕಾಣತಾವು" ಎಂದು ಬೈದಳು. ಆದರೆ ಒರೆಸಲಿಲ್ಲ.

ಜೂನ್ ೨೮, ಶನಿವಾರ

ಆದದ್ದನ್ನು ಆದ ಹಾಗೆ ಬರೆಯಬೇಕು.

ಸಂಜೆ ಜಿಟಿಜಿಟಿ ಮಳೆ. ಕರೆಂಟು ಹೋಯಿತು. ಇಂದ್ರವ್ವ ಪಡಸಾಲೆಯಲ್ಲಿ ಕುಳಿತು ಶೇಂಗಾ ಒಡೆಯುತ್ತಿದ್ದಳು. ಮನೆಯಲ್ಲಿ ಸಿಪ್ಪೆಯ ಸಪ್ಪಳ ಬಿಟ್ಟರೆ ಬೇರೆ ಸದ್ದಿಲ್ಲ. ಅದು ಅವಳಿಗೂ ಬೇಸರವಾಯಿತೋ ಏನೋ.

"ಮನ್ಯಾಗ ಒಬ್ರರ ಬಾಯಿ ಬಿಡಬೇಕಲ್ರಿ. ನಮ್ಮ ಆಯಿ ಹೇಳತಿದ್ದ ಕತಿ ಒಂದು ಹೇಳತೇನಿ" ಎಂದಳು.

ಅಜ್ಜಿಯ ಕಥೆ ಇರಲಿ, ಇಂದ್ರವ್ವ ಕಥೆ ಹೇಳುತ್ತಾಳೆ ಎಂಬುದೇ ನನಗೆ ಹೊಸದು. ಗೋಡೆಗೆ ಒರಗಿ ಕುಳಿತೆ.

"ಒಂದೂರಾಗ ಒಬ್ಬಾಕಿ ಇದ್ಲು. ದಿನಾ ನಸುಕಿನ್ಯಾಗ ಬಾವಿಗೆ ನೀರಿಗೆ ಹೋಗಾಕಿ. ಒಂದಿನ ಬಗ್ಗಿ ನೋಡತಾಳ, ನೀರಾಗ ತನ್ನ ಮಾರಿ ಕಾಣತು. ಕೊಡಾ ತುಂಬಿಕೊಂಡು ಮನಿಗೆ ಬಂದ್ಲು. ಮಾರಿ ಬರಲಿಲ್ಲ. ಅಲ್ಲೇ ಬಾವ್ಯಾಗ ಉಳಕೊಂತು."

ಮುಖವನ್ನು ಬಾವಿಯಲ್ಲಿ ಬಿಟ್ಟು ಇಲ್ಲಿ ನಿಲ್ಲಿಸಿದಳು. ನಿಲ್ಲಿಸಲೇಬೇಕು. ನಮ್ಮ ಕಡೆ ಕಥೆ ಹೇಳುವವರ ಎದುರು ಒಬ್ಬರು ಹೂಂಗುಟ್ಟಬೇಕು. ಹೂಂ ಬರದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಮಗುವಿಗೂ ಗೊತ್ತಿರುವ ಮರ್ಯಾದೆ ಇದು. ನನ್ನ ಕಥೆಗೆ ಊರೂರಿನ ಮಂದಿ ಹೂಂಗುಟ್ಟಿದ್ದಾರೆ.

ಅವಳು ನಿಲ್ಲಿಸಿದಳು, ನನ್ನ ಗಂಟಲು "ಹೂಂ" ಎಂದಿತು.

ನಾನು ಅನ್ನಲಿಲ್ಲ, ಅದೇ ಅಂದಿತು. ಒಳಗೆ ಜಾಲಿ ಮುಳ್ಳು ಮುರಿದ ಹಾಗಾಯಿತು. ಬಾಯಿಗೆ ಉಪ್ಪುಪ್ಪು ರುಚಿ ಬಂತು. ಉಗುಳಿದೆ. ಕೆಂಪು. ಇಂದ್ರವ್ವನ ಮಡಿಲಿನ ಶೇಂಗಾ ಎಲ್ಲ ನೆಲಕ್ಕೆ ಬಿತ್ತು.

ಜೂನ್ ೩೦, ಸೋಮವಾರ

ಬೆಳಗಾವಿ. ಡಾಕ್ಟರು ಕೊಳವೆ ಇಳಿಸಿ ನೋಡಿದರು.

"ಮಾತಾಡಿದಿರೇನು?"

‘ಇಲ್ಲ’ ಎಂದು ಬರೆದೆ.

"ಹಂಗಾರ ಏನು ಮಾಡಿದಿರಿ?"

‘ಹೂಂ ಎಂದೆ.’

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೂಂ ಅನ್ನೂದೂ ದನೀನ ರೀ, ಅಜ್ಜಾ. ಬಾಯಿ ಮುಚ್ಚಿಕೊಂಡು ಗಂಟಲಾಗ ಎಳದ್ರ ಮತ್ತೂ ಜೋರು ಬೀಳತದ."

ಗಾಯ ಬಿಚ್ಚಿದೆ. ಮೊದಲಿನಿಂದ ಮತ್ತೆ ಎಣಿಸಬೇಕು, ಜುಲೈ ೧೯ರ ಶನಿವಾರ ಮತ್ತೆ ಬಂದು ತೋರಿಸಬೇಕು. ದನಿ ಮೊದಲಿನ ಹಾಗೆ ಬರುತ್ತದೆಯೇ ಎಂದು ದುಂಡಗೆ ಬರೆದು ಎರಡು ಸಲ ತೋರಿಸಿದೆ. ಎರಡು ಸಲವೂ "ನೋಡೂಣ" ಎಂದರು.

ಬಸ್ಸಿನಲ್ಲಿ ಇಂದ್ರವ್ವ ಕಿಟಕಿಯ ಕಡೆ ತಿರುಗಿ ಕುಳಿತಳು. ನೇಸರಗಿ ಬರುವವರೆಗೆ ತಿರುಗಲಿಲ್ಲ.

ಜುಲೈ ೧, ಮಂಗಳವಾರ

ಮನೆಯಲ್ಲಿ ಈಗ ಇಬ್ಬರಿಗೂ ಬಾಯಿಲ್ಲ.

ಜುಲೈ ೩, ಗುರುವಾರ

ಇವತ್ತೂ ರೊಟ್ಟಿ ಇಟ್ಟಳು, ಪಲ್ಯ ಇಟ್ಟಳು, ಎದ್ದಳು. ನಾನು ಮೊಟ್ಟಮೊದಲ ಪೆಟ್ಟಿಗೇ ಸರಿಯಾಗಿ ಬರಲೆಂದು ಮೆಲ್ಲಗೆ ಬರೆದೆ: ‘ಮಾರಿ ಬಾವಿಯಲ್ಲಿ ಉಳಿಯಿತು. ಮುಂದೆ ಹೇಳು.’

ಓದಿದಳು. ಕಣ್ಣು ತುಂಬಿದವು. ಸಿಟ್ಟೂ ಇತ್ತು ಅದರಲ್ಲಿ.

"ನನ್ನ ಕತಿ ನಿಮ್ಮ ದನಿ ತಿಂತು. ಹೂಲಿ ಮಂದಿ ಕೇಳಿದ್ರ ಏನಂತಾರ? ಹೆಂಡತಿ ಬಾಯಿ ಸುಮ್ಮನಿದ್ದಿದ್ರ ಗಂಡನ ದನಿ ಉಳೀತಿತ್ತು ಅಂತಾರ. ಬ್ಯಾಡ್ರಿ. ಹೂಂ ಇಲ್ಲದ ಕತಿ ಹೇಳಬಾರದು, ಹೂಂ ಅಂದ್ರ ನಿಮ್ಮ ಜೀವಕ್ಕ ಬರತೈತಿ."

ಪೆನ್ನಿನ ಟೊಪ್ಪಿಗೆ ಕೈಯಲ್ಲೇ ಇತ್ತು, ಹಿತ್ತಾಳೆ ಚೊಂಬು ಪಕ್ಕದಲ್ಲಿತ್ತು. ಚೊಂಬಿಗೆ ಟೊಪ್ಪಿಗೆಯಿಂದ ಹೊಡೆದೆ. ಟಣ್.

ತಿರುಗಿ ನೋಡಿದಳು. ಮತ್ತೊಮ್ಮೆ ಹೊಡೆದೆ. ಟಣ್. ‘ಇದೇ ಹೂಂ’ ಎಂದು ಬರೆದು ತೋರಿಸಿದೆ.

"ಅಂದ್ರ ನಾ ಚೊಂಬಿಗೆ ಕತಿ ಹೇಳಬೇಕ?"

ಟಣ್.

ಸೆರಗಿನಿಂದ ಮೂಗು ಒರೆಸಿಕೊಂಡಳು. ನಗು ತಡೆಯಲು ನೋಡಿದಳು, ಆಗಲಿಲ್ಲ. ಕುಳಿತಳು.

"ಮಾರಿ ಇಲ್ಲದ ಹೆಂಗಸು ಮನಿಗೆ ಬಂದ್ಲು. ಅತ್ತಿ ಮುಂದ ನಿಂತ್ಲು, ಅತ್ತಿ ಅಂದ್ಲು, ‘ಹಿಟ್ಟು ನಾದು.’ ಗಂಡನ ಮುಂದ ನಿಂತ್ಲು, ಗಂಡ ಅಂದ, ‘ರೊಟ್ಟಿ ಬಡಿ.’ ಮಾರಿ ಇಲ್ಲಂತ ಒಬ್ರಿಗೂ ಗೊತ್ತಾಗಲಿಲ್ಲ."

ಟಣ್ ಎನ್ನುವುದು ಸ್ವಲ್ಪ ತಡವಾಯಿತು.

"ಗೊತ್ತಾದದ್ದು ಕರುವಿಗೆ. ಆಕಿ ಹತ್ತಿರ ಹೋದ್ರ ಅಂಜಿ ಹಿಂದಕ್ಕ ಸರೀತು."

ಇಷ್ಟೇ ಇವತ್ತು. ಹಾಲು ಉಕ್ಕಿತೆಂದು ಎದ್ದು ಹೋದಳು.

ಜುಲೈ ೮, ಮಂಗಳವಾರ

ಭಾರ್ಗವ ಕಪ್ಪುನೀಲಿ ಶಾಯಿಯ ಸೀಸೆ ತರಿಸಿಕೊಟ್ಟಿದ್ದಾನೆ. ಬರೆಯುವಾಗ ತಿಳಿನೀಲಿ, ಒಣಗಿದ ಮೇಲೆ ಮಳೆ ಬರುವ ಮೋಡದ ಬಣ್ಣ. ಸೀಸೆಯನ್ನು ಅಲುಗಿಸಬಾರದು, ತಳದ ಗಸಿ ನಿಬ್ಬಿಗೆ ಸಿಕ್ಕರೆ ಕಟ್ಟಿಕೊಳ್ಳುತ್ತದೆ. ನಾನು ಅಲುಗಿಸಿದ್ದೆ. ಮುಂಜಾನೆಯೆಲ್ಲ ತೊಳೆಯುವುದರಲ್ಲೇ ಹೋಯಿತು.

ಹೂಲಿಯಲ್ಲಿ ಹೇಳುವ ಕಥೆಗಳನ್ನು ಮನಸ್ಸಿನಲ್ಲೇ ಒಮ್ಮೆ ಓಡಿಸಬೇಕು ಎಂದು ನಾಲ್ಕು ದಿನದಿಂದ ಅಂದುಕೊಂಡಿದ್ದೇನೆ. ಬಿಡುವೇ ಸಿಗುತ್ತಿಲ್ಲ. ಇವಳ ಕಥೆ ಒಂದು ಮುಗಿಯಲೊಲ್ಲದು. ಹೇಳಿದಷ್ಟನ್ನು ಹಾಳೆಯ ಮೇಲೆ ಇಳಿಸಿಡುತ್ತಿದ್ದೇನೆ, ಬರೀ ಶಾಯಿ ಹೇಗೆ ಒಣಗುತ್ತದೆ ನೋಡಲು.

ಇಂದು ನಡುವೆ ತಡೆದು ‘ಕರು ಮಾತಾಡಲಿ, ಮಂದಿಗೆ ಸೇರುತ್ತದೆ’ ಎಂದು ಬರೆದು ತೋರಿಸಿದೆ.

"ಕರು ಮಾತಾಡೂದಿಲ್ಲ" ಎಂದಳು.

‘ನನ್ನ ಕಥೆಯಲ್ಲಿ ಮಾತಾಡುತ್ತವೆ.’

"ನಿಮ್ಮ ಕತಿಯೊಳಗ ಬಾಯಿ ಮುಚ್ಚಿಕೊಂಡು ಇರೂದು ಯಾವುದರ ಐತೇನ್ರಿ? ಕಲ್ಲು ಮಾತಾಡತಾವು, ಗಿಡಾ ಮಾತಾಡತಾವು. ಇದು ನಮ್ಮ ಆಯಿ ಕರು. ಸುಮ್ಮನ ನೋಡತೈತಿ. ಚೊಂಬು ಬಾರಸ್ರಿ."

ಬಾರಿಸಿದೆ.

ಜುಲೈ ೧೪, ಸೋಮವಾರ

ಸೋಮಪ್ಪನ ಫೋನು. ಇಂದ್ರವ್ವ ದೊಡ್ಡ ದನಿಗೆ ಹಾಕಿ ನಡುವೆ ಹಿಡಿದಳು.

"ತಂಗೀ, ಮುದಕಪ್ಪಗ ಹೇಳು. ಕಾಡಪ್ಪ ಒಪ್ಪಿಕೊಂಡಾನ. ಹಂಗಂತ ಇವನ್ನ ಬಿಟ್ಟೇವಿ ಅಂತಲ್ಲ. ಶನಿವಾರ ಡಾಕ್ಟರ್ ಹೂಂ ಅಂದ್ರ ಕಟ್ಟಿ ಇವಂದ. ಇಲ್ಲಂದ್ರ ಕಾಡಪ್ಪಂದು. ಒಮ್ಮೆ ಕೂತ ಅಂದ್ರ ಅವ ಮುಂದಿನ ವರ್ಷ ಏಳತಾನಂತ ನಾ ಹೆಂಗ ಹೇಳ್ಲಿ?"

ಮೈಯೆಲ್ಲ ಉರಿಯಿತು. ಉತ್ತರ ಬರೆದೆ, ಇಂದ್ರವ್ವ ಓದಿ ಹೇಳಿದಳು: ‘ಶನಿವಾರದ ತನಕ ತಡಿ. ನನ್ನ ಕಟ್ಟೆ ನನಗಿರಲಿ.’ ಒಂದು ಕಡೆಯೂ ತಡವರಿಸದೆ ಓದಿದಳು. ಆಮೇಲೆ ಆ ಚೀಟಿಯನ್ನು ನೋಡಿದೆ. ಅಷ್ಟು ಸಿಟ್ಟಿನಲ್ಲಿ ಬರೆದರೂ ಅಕ್ಷರ ಎಲ್ಲ ಒಂದೇ ಸಮ, ಹಾಳೆ ಹರಿದಿಲ್ಲ. ಶಾಯಿ ಒಳ್ಳೆಯದಿದ್ದರೆ ಹೀಗೆ. ಇನ್ನೊಂದು ಸೀಸೆ ತರಿಸಬೇಕು.

ಸಂಜೆ ಮಾರಿ ಕಳೆದುಕೊಂಡವಳು ಮತ್ತೆ ಬಾವಿಗೆ ಹೊರಟಳು.

ಜುಲೈ ೧೮, ಶುಕ್ರವಾರ

ನಾಳೆ ಬೆಳಗಾವಿ.

ಡಾಕ್ಟರು ಮಾತಾಡಿ ಎಂದರೆ ಮೊದಲ ಮಾತು ಯಾವುದು ಎಂದು ಯೋಚಿಸಿ ಇಟ್ಟಿದ್ದೇನೆ. ಕಥೆಗೆ ಮೊದಲು ಗಣಪನನ್ನು ನೆನೆಯುವ ಪದ, ನನ್ನ ಗುರು ಬಾಯಿಗೆ ಹಾಕಿದ್ದು. ಆಸ್ಪತ್ರೆಯಲ್ಲೇ ಎದ್ದು ನಿಂತು ಹೇಳಬೇಕು. ದನಿ ಹೊರಡದಿದ್ದರೆ? ಗಾಳಿ ಮಾತ್ರ ಬಂದರೆ? ಅದನ್ನು ಕಾಡಪ್ಪನಿಗೆ ಯಾರು ಹೋಗಿ ಹೇಳುತ್ತಾರೆ? ಎಲ್ಲರೂ ಹೇಳುತ್ತಾರೆ.

ಪೆನ್ನನ್ನು ತೊಳೆದೆ. ತುಂಬಿಸಿದೆ. ಮತ್ತೆ ತೊಳೆದೆ.

ಜುಲೈ ೧೯, ಶನಿವಾರ

ಗಾಯ ಮಾಯ್ದಿದೆ. ಮಾತಾಡಬಹುದು, ದಿನಕ್ಕೆ ಐದು ನಿಮಿಷ. ಅದೂ ಪಕ್ಕದವರಿಗೆ ಕೇಳುವಷ್ಟು. ಐದು ನಿಮಿಷವನ್ನು ತಿಂಗಳುಗಟ್ಟಲೆ ಮೆಲ್ಲಗೆ ಬೆಳೆಸಬೇಕು. ‘ಶ್ರಾವಣಕ್ಕೆ?’ ಎಂದು ಬರೆದೆ. ಡಾಕ್ಟರು ತಲೆಯಾಡಿಸಿದರು. ‘ಮುಂದಿನ ಶ್ರಾವಣಕ್ಕೆ?’

"ಸುಳ್ಳು ಹೇಳೂದಿಲ್ಲ ರೀ. ಮಂದಿ ಮುಂದ ತಾಸುಗಟ್ಟಲೆ ಕೂಗಿ ಹೇಳೂ ದನಿ ಇನ್ನ ಬರಲಿಕ್ಕಿಲ್ಲ. ಮನ್ಯಾಗ ಮಾತಾಡೂ ದನಿ ಬರತದ. ಈಗ ಒಂದು ಮಾತಾಡ್ರಿ ನೋಡೂಣ."

ಬಾಯಿ ತೆರೆಯಲಿಲ್ಲ. ಹೂಲಿಯ ಕಟ್ಟೆ ಹೋದ ಮೇಲೆ ಗಣಪನ ಪದ ಹೇಳಲು ಮನಸ್ಸಾಗಲಿಲ್ಲ. ಆಮೇಲೆ ಎಂದು ಕೈ ಮಾಡಿ ಹೊರಗೆ ಬಂದೆ.

ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕುಳಿತು ಸೋಮಪ್ಪನಿಗೆ ಬರೆದೆ: ‘ಕಾಡಪ್ಪನನ್ನೇ ಕೂಡಿಸು. ಹೊಸಬ, ಅವನ ಮಾತಿಗೆ ಮಂದಿ ಸರಿಯಾಗಿ ಹೂಂಗುಟ್ಟುವ ಹಾಗೆ ನೋಡಿಕೋ.’ ಇಂದ್ರವ್ವ ಅದರ ಫೋಟೊ ತೆಗೆದು ಕಳಿಸಿದಳು. ಶಾಯಿ ಆರುವವರೆಗೆ ಕಾಯಿ ಎಂದು ಅವಳಿಗೆ ಸನ್ನೆ ಮಾಡಿದ್ದು ನೆನಪಿದೆ. ಅತ್ತೆನೋ ಏನೋ, ಬರೆಯಲಾರೆ.

ಬಸ್ಸು ಹತ್ತಿದೆವು. ಊರು ದಾಟಿದೆವು. ಆಮೇಲೆ ಇಂದ್ರವ್ವ, ನನ್ನ ಕಡೆ ನೋಡದೆ, ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಶುರು ಮಾಡಿದಳು.

"ಬಾವಿಗೆ ಹೋಗಿ ಬಗ್ಗಿ ನೋಡಿದ್ಲು. ಮಾರಿ ನೀರಾಗ ಆರಾಮ ಕುಂತೈತಿ. ‘ಬಾ, ಮನಿಗೆ ಹೋಗೂಣು’ ಅಂದ್ಲು. ‘ನಾ ಬರಂಗಿಲ್ಲ’ ಅಂತು ಮಾರಿ. ‘ಯಾಕ?’ ‘ಇಲ್ಲಿ ದಿನಾ ಯಾರರ ಒಬ್ರು ಬಗ್ಗಿ ನನ್ನ ನೋಡತಾರ. ನಿಮ್ಮನ್ಯಾಗ ಯಾರು ನೋಡತಾರ?’"

ಅಷ್ಟು ಹೇಳಿ ಕಂಡಕ್ಟರನಿಗೆ ಟಿಕೆಟ್ ತೋರಿಸಲು ಕೈಚೀಲದಲ್ಲಿ ಹುಡುಕತೊಡಗಿದಳು. ಟಿಕೆಟ್ ಸಿಕ್ಕಿತು, ಕಂಡಕ್ಟರ್ ಹೋದ, ಚೀಲದ ಬಾಯಿ ಕಟ್ಟಿದಳು, ಕಿಟಕಿಯ ಹೊರಗೆ ನೋಡಿದಳು. ಕಥೆ ಅಲ್ಲೇ ನಿಂತಿದೆ! ಹೀಗೆ ಯಾರಾದರೂ ನಿಲ್ಲಿಸುತ್ತಾರೆಯೇ?

"ಮುಂದೇನಾತು?" ಎಂದೆ.

ಒಡಕು ದನಿ, ಹೊಲದಾಚೆಯಿಂದ ಯಾರೋ ಮಾತಾಡಿದ ಹಾಗೆ. ಇಂದ್ರವ್ವ ಗಕ್ಕನೆ ತಿರುಗಿದಳು. ನನ್ನ ಮುಖವನ್ನು ನೋಡಿದಳು, ಬಹಳ ಹೊತ್ತು. ನಾನೂ ನೋಡಿದೆ. ಬಲಗೆನ್ನೆಯ ಮೇಲೆ ಸಣ್ಣದೊಂದು ಮಚ್ಚೆ ಇದೆ ಅವಳಿಗೆ.

"ಹೇಳತೇನಿ, ತಡೀರಿ" ಎಂದು ನನ್ನ ಕಡೆ ಸರಿದು ಕುಳಿತಳು.

ನೇಸರಗಿ ಬರುವವರೆಗೂ ಹೇಳಿದಳು. ಇಳಿದ ಮೇಲೂ ಹೇಳಿದಳು. ಇವತ್ತಿನ ಐದು ನಿಮಿಷ ಹೆಚ್ಚುಕಡಿಮೆ ಹಾಗೇ ಉಳಿದಿದೆ. ಅವಳು ಹೇಳುತ್ತಿದ್ದಳು, ನಡುವೆ ಬಾಯಿ ಹಾಕುವುದು ಬೇಡ ಎನಿಸಿತು.